ಚುಲ್ತೆಮನ ನಶ್ಯದ ಬುಡ್ಡಿಯ ಮುಚ್ಚಳ

ನಮ್ಮ ಸುಮ್‌ನಲ್ಲಿ ಅಂದರೆ ಹುಲ್ಲುಗಾವಲಿನ ಈ ತಾಲೂಕಿನಲ್ಲಿ ಚುನಾವಣೆ ಮುಗಿದ ಮೇಲೆ ಮೊದಲು ಬದಲಾಗುವುದು ಅಧ್ಯಕ್ಷರಲ್ಲ, ಶಿಶುವಿಹಾರದ ಅಡುಗೆಯವಳು. ಅಧ್ಯಕ್ಷರ ಆದೇಶ ಪ್ರಾಂತದ ಕಚೇರಿಯಿಂದ ಬರಬೇಕು, ಅದಕ್ಕೆ ತಿಂಗಳು ಹಿಡಿಯುತ್ತದೆ. ಅಡುಗೆಯವಳಿಗೆ ಅಷ್ಟೆಲ್ಲ ಇಲ್ಲ. ಮತ ಎಣಿಕೆಯ ಮರುದಿನ ಬೆಳಗ್ಗೆ ಅವಳೇ ಸೌಟು ತೊಳೆದು, ಮೊಳೆಗೆ ನೇತುಹಾಕಿ, ಮನೆಗೆ ಹೋಗುತ್ತಾಳೆ. ಗೆದ್ದ ಪಕ್ಷದವಳೊಬ್ಬಳು ಬಂದು ಅದೇ ಸೌಟನ್ನು ಇಳಿಸಿಕೊಳ್ಳುತ್ತಾಳೆ. ಆಮೇಲೆ ಗ್ರಂಥಾಲಯದ ಕಾವಲುಗಾರ, ಆಮೇಲೆ ಸಾಂಸ್ಕೃತಿಕ ಭವನದಲ್ಲಿ ಪರದೆ ಎಳೆಯುವವನು. ಇಲ್ಲಿ ಸಾವಿರದ ಎಂಟುನೂರು ಜನರಿದ್ದಾರೆ. ಅರವತ್ತು ಸಾವಿರ ಕುರಿಗಳೂ ಇವೆ, ಆದರೆ ಅವುಗಳಿಗೆ ಸರ್ಕಾರಿ ಕೆಲಸದ ಆಸೆ ಇಲ್ಲವಾದ್ದರಿಂದ ನೆಮ್ಮದಿಯಾಗಿ ಮೇಯುತ್ತವೆ.

ನಾನು ಸುಮ್ ಕಚೇರಿಯ ಗುಮಾಸ್ತ. ಹತ್ತೊಂಬತ್ತು ವರ್ಷದಿಂದ ಈ ಆದೇಶಗಳನ್ನೆಲ್ಲ ಟೈಪ್ ಮಾಡುತ್ತಿರುವವನು ನಾನೇ. ಲಾಳದ ಗುರುತಿನ ಪಕ್ಷ ಬಂದಾಗ ಬಿಲ್ಲುಬಾಣದ ಗುರುತಿನ ಪಕ್ಷದವರನ್ನು ತೆಗೆಯುವ ಆದೇಶ, ಬಿಲ್ಲಿನ ಪಕ್ಷ ಬಂದಾಗ ಲಾಳದವರನ್ನು ತೆಗೆಯುವ ಆದೇಶ. ಒಕ್ಕಣೆ ಒಂದೇ, ಹೆಸರು ಮಾತ್ರ ತಿದ್ದುತ್ತೇನೆ. ಹಾಗಾದರೆ ನೀವು ಹೇಗೆ ಉಳಿದಿರಿ ಎಂದು ಕೇಳುತ್ತೀರಿ. ಮೊಹರು ಯಾವ ಖಾನೆಯಲ್ಲಿದೆ, ಆ ಖಾನೆ ತೆರೆಯಲು ಮೇಜಿನ ಯಾವ ಕಾಲಿಗೆ ಒದೆಯಬೇಕು ಎಂಬುದು ನನಗೊಬ್ಬನಿಗೇ ಗೊತ್ತು.

ನನ್ನ ಹಾಗೆ ಉಳಿದ ಇನ್ನೊಬ್ಬನೆಂದರೆ ಚುಲ್ತೆಮ್. ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು ಅವನ ಕೆಲಸ. ಹದಿನಾಲ್ಕು ಚಳಿಗಾಲ ಹಾಕಿದ್ದಾನೆ. ಅವನು ಉಳಿದದ್ದಕ್ಕೆ ಕಾರಣ ಸರಳ: ಆ ಕೆಲಸ ಯಾರಿಗೂ ಬೇಕಿರಲಿಲ್ಲ. ಕಿವಿಯಲ್ಲಿ ಮಸಿ, ಮೂಗಿನಲ್ಲಿ ಮಸಿ, ಕೂರಲು ಒಂದು ಮರದ ದಿಮ್ಮಿ. ಆದರೆ ಈ ಬೇಸಿಗೆಯಲ್ಲಿ ಪ್ರಾಂತದವರು ಹೊಸ ಬಾಯ್ಲರ್ ಕಳಿಸಿದರು. ಅದರ ಜೊತೆಗೆ ಕೆಲಸವನ್ನು ಕಾಯಂ ಮಾಡಿ, ಪಿಂಚಣಿ ಸೇರಿಸಿ, ಒಂದು ಕುರ್ಚಿಯನ್ನೂ ಕಳಿಸಿದರು. ಆ ಕುರ್ಚಿ ಬಂದದ್ದೇ ತಪ್ಪಾಯಿತು.

ಅಕ್ಟೋಬರಿನಲ್ಲಿ ಬಿಲ್ಲಿನ ಪಕ್ಷ ಹನ್ನೊಂದು ಮತಗಳಿಂದ ಗೆದ್ದಿತು. ಅಂದಿನಿಂದ ಚುಲ್ತೆಮ್ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ದಿನಕ್ಕೆ ಮೂರು ಸಲ ಸಲಿಕೆ ಹಿಡಿದುಕೊಂಡೇ ನನ್ನ ಕಿಟಕಿಗೆ ಬರುತ್ತಿದ್ದ.

"ಗುಮಾಸ್ತಣ್ಣ, ನಂದೇನಾದ್ರೂ ಟೈಪ್ ಆಯ್ತಾ?"

"ಇನ್ನೂ ಇಲ್ಲ ಕಣಪ್ಪ."

"ಆಗೋದಿದ್ರೆ ಬೇಗ ಆಗ್ಲಿ ಅಣ್ಣ. ಈ ಕಾಯೋದೇ ಆಗ್ತಿಲ್ಲ. ನಿನ್ನೆ ಬೆಂಕಿಗೆ ಕಲ್ಲಿದ್ದಲು ಹಾಕೋ ಬದ್ಲು ಟೋಪಿ ಹಾಕ್ಬಿಟ್ಟೆ."

"ನೀನು ಓಟು ಯಾರಿಗೆ ಹಾಕ್ದೆ?"

ಅವನು ತಲೆ ಕೆರೆದುಕೊಂಡ. "ಇಬ್ರೂ ಚಹಾ ಕೊಟ್ರು. ಇಬ್ರಿಗೂ ಹೂಂ ಅಂದೆ. ಪೆಟ್ಟಿಗೆ ಹತ್ರ ಹೋಗೋ ಹೊತ್ತಿಗೆ ಬಾಯ್ಲರ್ ಗಾಳಿತೂಬು ಮುಚ್ಚಿದ್ನೋ ಇಲ್ವೋ ಅಂತ ಯೋಚ್ನೆ ಬಂತು. ಅದೇ ಯೋಚ್ನೇಲಿ ಏನೋ ಗೀಚಿ ಬಂದೆ."

ಅವನ ಹೆಂಡತಿ ದುಲ್ಮಾ ಹಾಗೆ ಗೀಚಿ ಬರುವ ಹೆಂಗಸಲ್ಲ. ಅವಳು ಮೊದಲು ತಾವು ವಾಸವಿದ್ದ ಕಂಬಳಿ ಗುಡಾರದ ಗೋಡೆಯ ಮೇಲಿದ್ದ ಲಾಳದ ಪಕ್ಷದ ಕ್ಯಾಲೆಂಡರನ್ನು ಹಿಂದುಮುಂದು ಮಾಡಿ ನೇತುಹಾಕಿದಳು. ಕಿತ್ತುಹಾಕಲು ಮನಸ್ಸು ಬರಲಿಲ್ಲ, ಕೂದಲು ಕತ್ತರಿಸಲು ಒಳ್ಳೆಯ ದಿನ ಯಾವುದೆಂದು ಅದರಷ್ಟು ಸರಿಯಾಗಿ ಬೇರೆ ಯಾವುದೂ ಹೇಳುವುದಿಲ್ಲವಂತೆ. ಆಮೇಲೆ ಗಂಡನನ್ನು ಎದುರು ಕೂರಿಸಿಕೊಂಡಳು.

"ನಾಡಿದ್ದು ಭವನದಲ್ಲಿ ಹೊಸ ಅಧ್ಯಕ್ಷರ ಸಭೆ. ನೀನು ಹಿಂದಿನ ಸಾಲಲ್ಲಿ ಕೂತ್ರೆ ಹಿಂದೇನೇ ಉಳೀತೀಯ. ಹಿರಿಯರ ಜೊತೆ ಮುಂದಿನ ಸಾಲಲ್ಲಿ ಕೂತ್ಕೊ. ನಶ್ಯದ ಬುಡ್ಡಿ ಕೊಟ್ಟು ತಗೋ."

"ನನ್ನ ಹತ್ರ ಬುಡ್ಡಿ ಎಲ್ಲಿದೆ?"

"ನಿಮ್ಮಪ್ಪಂದು."

ಅಪ್ಪನ ಬುಡ್ಡಿ ಒಳ್ಳೆಯ ಹಸಿರು ಕಲ್ಲಿನದು. ಮುಚ್ಚಳದ ಮೇಲಿನ ಹವಳ ಮಾತ್ರ ಸಡಿಲಾಗಿ ಕಳಚಿಬರುತ್ತಿತ್ತು. ಅಧ್ಯಕ್ಷರ ಅಂಗೈಯಲ್ಲಿ ಹವಳ ಉದುರಿದರೆ ಏನು ಚೆಂದ? ದುಲ್ಮಾ ಕಂಬಳಿ ಬೂಟಿಗೆ ಅಟ್ಟೆ ಹಚ್ಚುವ ಅಂಟು ತಂದು, ಜಿಪುಣತನ ಮಾಡದೆ ಹಿಂಡಿ, ಹವಳ ಒತ್ತಿ ಕೂರಿಸಿದಳು. ಹೆಚ್ಚಾದ ಅಂಟು ಕೆಳಗಿಳಿದು ಏನು ಮಾಡಿತೆಂದು ಅವರಿಬ್ಬರೂ ನೋಡಲಿಲ್ಲ.

ನಮ್ಮಲ್ಲಿ ಬುಡ್ಡಿ ಬದಲಾಯಿಸಿಕೊಳ್ಳದೆ ಮಾತು ಶುರುವಾಗುವುದಿಲ್ಲ. ಮುಚ್ಚಳ ಒಂದಿಷ್ಟು ಸಡಿಲಿಸಿ, ಬಲಗೈಯಲ್ಲಿ ಕೊಡಬೇಕು. ಬಿಗಿಯಾಗಿ ಮುಚ್ಚಿದ ಬುಡ್ಡಿ ಕೊಡುವುದೆಂದರೆ ಮನೆಗೆ ಬಂದವರ ಮುಖಕ್ಕೇ ಬಾಗಿಲು ಹಾಕಿದಂತೆ. ಇದು ಮೂರು ವರ್ಷದ ಮಗುವಿಗೂ ಗೊತ್ತು.

ಹೊಸ ಅಧ್ಯಕ್ಷ ಸೊದ್ನೋಮ್ ಹಳೆಯ ಕುಸ್ತಿಪಟು. ಪ್ರಾಂತದ ಕುಸ್ತಿಯಲ್ಲಿ ಗಿಡುಗ ಎಂಬ ಬಿರುದು ಪಡೆದವರು. ಚುನಾವಣೆಯ ಭಿತ್ತಿಪತ್ರದಲ್ಲಿ ಅವರ ಮುಷ್ಟಿಯ ಚಿತ್ರ, ಕೆಳಗೆ 'ಗಟ್ಟಿ ಕೈ' ಎಂಬ ಎರಡೇ ಪದ. ಸಭೆಯಲ್ಲಿ ಅವರು ಮೊದಲು ಭಾಷಣ ಮಾಡಿದರು. ತಮ್ಮ ಕಾಲದಲ್ಲಿ ಪಕ್ಷದ ಕಾರಣಕ್ಕೆ ಯಾರ ಕೆಲಸವೂ ಹೋಗುವುದಿಲ್ಲ ಎಂದರು. ಅದನ್ನು ಕೇಳಿ ಕೆಲಸ ಕಳೆದುಕೊಂಡಿದ್ದ ಇಪ್ಪತ್ತಾರು ಮಂದಿಯೂ ಚಪ್ಪಾಳೆ ತಟ್ಟಿದರು. ಆಮೇಲೆ ವೇದಿಕೆಯಿಂದಿಳಿದು ಮುಂದಿನ ಸಾಲಿನಲ್ಲಿ ಒಬ್ಬೊಬ್ಬರೊಡನೆ ಬುಡ್ಡಿ ಬದಲಾಯಿಸುತ್ತ ಬಂದು ಚುಲ್ತೆಮನ ಮುಂದೆ ನಿಂತರು.

ಮುಚ್ಚಳ ಸಡಿಲಿಸುವುದು ಚುಲ್ತೆಮನಿಗೆ ನೆನಪೇ ಆಗಲಿಲ್ಲ, ಬುಡ್ಡಿಗಳು ಕೈ ಬದಲಾಯಿಸಿದವು. ಅಧ್ಯಕ್ಷರು ಎರಡು ಬೆರಳಲ್ಲಿ ಮುಚ್ಚಳ ಎತ್ತಿದರು. ಬರಲಿಲ್ಲ. ತಿರುಗಿಸಿದರು. ಬರಲಿಲ್ಲ. ಮುಗುಳ್ನಗೆ ಹಾಗೇ ಇಟ್ಟುಕೊಂಡು ಅಂಗೈ ಪೂರ್ತಿ ಹಿಡಿದು ತಿರುಚಿದರು. ಕತ್ತಿನ ನರ ಉಬ್ಬಿತು, ಕಿವಿ ಕೆಂಪಾಯಿತು. ಮುನ್ನೂರು ಜನ ನೋಡುತ್ತಿದ್ದರು. ಗಟ್ಟಿ ಕೈಯಲ್ಲಿ ಬುಡ್ಡಿ ಇದೆ, ಬಾಯ್ಲರಿನವನ ಮುಚ್ಚಳ ಅಲ್ಲಾಡುತ್ತಿಲ್ಲ. ಚುಲ್ತೆಮನಿಗೆ ಇದಾವುದೂ ಗೊತ್ತಿಲ್ಲ. ಗಾಬರಿಯಲ್ಲಿ ಅವನು ಅಧ್ಯಕ್ಷರ ಬುಡ್ಡಿಯಿಂದ ಒಂದು ಚಮಚದಷ್ಟು ನಶ್ಯ ಏರಿಸಿಬಿಟ್ಟಿದ್ದ. ಸರಿಯಾಗಿ ಏಳು ಸಲ ಸೀನಿದ, ಏಳೂ ಅಧ್ಯಕ್ಷರ ಎದೆಯ ಕಡೆಗೆ. ಅವರು ಅವನ ಬುಡ್ಡಿಯನ್ನು ಅವನ ತೊಡೆಯ ಮೇಲಿಟ್ಟು, ತಮ್ಮದನ್ನು ಕಿತ್ತುಕೊಂಡರು. ಮುಂದಿನವರ ಬಳಿ ಹೋಗಲಿಲ್ಲ. ನೇರ ಬಾಗಿಲಿಗೆ ಹೋದರು.

ಮರುದಿನ ಬೆಳಗ್ಗೆ ಸೋತ ಲಾಳದ ಪಕ್ಷದ ಹಿಂದಿನ ಅಧ್ಯಕ್ಷ, ಮುದುಕ ಗೆಂದೆನ್, ಇಟ್ಟಿಗೆಯಂತೆ ಅಚ್ಚು ಒತ್ತಿದ ಒಂದು ಇಟ್ಟಿಗೆ ಚಹಾ ಹಿಡಿದುಕೊಂಡು ಬಾಯ್ಲರ್ ಕೋಣೆಗೆ ಬಂದ. ಅಲ್ಲಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಚಳಿ ಕಾಯಿಸಿಕೊಳ್ಳುತ್ತ ನಾನೂ ಅಲ್ಲೇ ಇದ್ದೆ.

"ತಮ್ಮಾ," ಎಂದು ಚುಲ್ತೆಮನ ಮಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾವು ನೂರು ಸಭೆ ಮಾಡಿ ಆಗದ್ದು ನೀನೊಂದು ಮುಚ್ಚಳದಲ್ಲಿ ಮಾಡ್ದೆ."

"ಗೆಂದೆನಣ್ಣ, ಅದು ಅಂಟು."

"ಏನು?"

"ಬೂಟಿನ ಅಂಟು. ನನ್ನ ಹೆಂಡ್ತಿ ಹಚ್ಚಿದ್ಲು."

ಗೆಂದೆನ್ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು. "ನೋಡಿದ್ರಾ ಗುಮಾಸ್ತರೆ, ಕೆಲಸಕ್ಕೆ ಸಂಚಕಾರ ಬಂದಿರೋ ಹೊತ್ತಲ್ಲೂ ಎಂಥ ಜಾಣ ಮಾತು. ಹೆಂಡತೀನೂ ಜೊತೆಗಿದ್ದಾಳಂತೆ."

ಚುಲ್ತೆಮ್ ಎಷ್ಟೆಷ್ಟು ಅಂಟು ಅಂಟು ಎಂದನೋ ಅಷ್ಟಷ್ಟು ದೊಡ್ಡವನಾದ. ಮಧ್ಯಾಹ್ನದೊಳಗೆ ಲಾಳದವರೆಲ್ಲ ಅವನಿಗೆ ಟೋಪಿ ಎತ್ತಿ ನಮಸ್ಕಾರ ಹೇಳತೊಡಗಿದರು. ಬಿಲ್ಲಿನವರು ಅವನು ಬರುವ ದಾರಿ ಬಿಟ್ಟು ಹಿಮದಲ್ಲಿ ಮೊಣಕಾಲುದ್ದ ಹೂತುಕೊಂಡು ನಡೆದರು. ಹಿಂದಿನ ವಾರವಷ್ಟೇ ಗಂಡನಿಗೆ ಗ್ರಂಥಾಲಯದ ಕಾವಲು ಸಿಕ್ಕಿದ್ದ ಅಂಗಡಿಯವಳು ಗೋಣಿ ತುಂಬ ಹಿಟ್ಟು ಇಟ್ಟುಕೊಂಡು "ಹಿಟ್ಟಿಲ್ಲ" ಎಂದಳು.

ದುಲ್ಮಾಗೆ ತಡೆಯಲಾಗಲಿಲ್ಲ. ಅಂಟಿನ ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಧ್ಯಕ್ಷರ ಹೆಂಡತಿಯ ಬಳಿ ಹೋದಳು. ಸತ್ಯಕ್ಕೆ ಸಾಕ್ಷಿ ಬೇಕಲ್ಲ. "ನೋಡಿ ಅಕ್ಕಾವ್ರೆ, ಇದೇ ಅಂಟು. ಒಂದ್ಸಲ ಹಿಡೀತು ಅಂದ್ರೆ ಯಾರಿಂದ್ಲೂ ಬಿಡ್ಸೋಕಾಗಲ್ಲ" ಎಂದಳು. ಅಧ್ಯಕ್ಷರ ಹೆಂಡತಿ ಅವಳಿಗೆ ಚಹಾ ಕೊಟ್ಟು ಕಳಿಸಿ, ಗಂಡ ಊಟಕ್ಕೆ ಬಂದಾಗ, ಬಾಯ್ಲರಿನವನ ಹೆಂಡತಿ ಮನೆಗೇ ಬಂದು ಬೆದರಿಸಿ ಹೋದಳೆಂದು ಹೇಳಿದಳು.

ಸೊದ್ನೋಮ್ ನನ್ನನ್ನು ಕರೆಸಿದರು. ಪಾಪ, ಅವರದೂ ಕಷ್ಟವೇ. ತೆಗೆದರೆ ಭಾಷಣ ಸುಳ್ಳಾಗುತ್ತದೆ. ಇಟ್ಟುಕೊಂಡರೆ ಮುಖವಿಲ್ಲ. ಅದಲ್ಲದೆ ಆ ಕುರ್ಚಿಯನ್ನು ಹೆಂಡತಿಯ ತಮ್ಮ ಬ್ಯಾಂಬಾನಿಗೆ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು. ಬ್ಯಾಂಬಾ ಮೂವತ್ತೈದು ವರ್ಷದ ನೃತ್ಯಗಾರ. ಚುನಾವಣೆಯ ಹಾಡಿಗೆ ನಲವತ್ತು ದಿನ ಲಾರಿಯ ಮೇಲೆ ಕುಣಿದಿದ್ದ.

"ಗುಮಾಸ್ತರೆ, ಎಲ್ಲ ನ್ಯಾಯವಾಗಿ ಆಗ್ಬೇಕು," ಎಂದರು. "ಮುಕ್ತ ಪರೀಕ್ಷೆ ಇಡೋಣ. ಮೂರು ಜನದ ಮಂಡಳಿ. ಪಕ್ಷ ಗಿಕ್ಷ ಏನಿಲ್ಲ."

"ಅಂಕಪಟ್ಟಿ ಯಾವಾಗ ಟೈಪ್ ಮಾಡ್ಲಿ ಸ್ವಾಮಿ?"

"ಬೆಳಗ್ಗೆ ಎಂಟಕ್ಕೆ ಸಿದ್ಧವಿರ್ಲಿ. ಪರೀಕ್ಷೆ ಹತ್ತಕ್ಕೆ."

ಮಂಡಳಿಯಲ್ಲಿ ಉಪಾಧ್ಯಕ್ಷರು, ಪಶುವೈದ್ಯರು, ಶಾಲೆಯ ಮುಖ್ಯೋಪಾಧ್ಯಾಯಿನಿ ಸರ್ನಾಯ್. ಮಾತೆಲ್ಲ ಉಪಾಧ್ಯಕ್ಷರದೇ. ಚುಲ್ತೆಮ್ ಅಪ್ಪನ ಉದ್ದನಂಗಿ ತೊಟ್ಟು, ಕಿವಿ ತೊಳೆದುಕೊಂಡು ಬಂದಿದ್ದ. ಅವನ ಕಿವಿಯ ನಿಜವಾದ ಬಣ್ಣ ಅಂದು ನಾವೆಲ್ಲ ನೋಡಿದೆವು.

"ಮೊದಲ ಪ್ರಶ್ನೆ. ಅಧ್ಯಕ್ಷರ ನಾಲ್ಕು ವರ್ಷದ ಕಾರ್ಯಕ್ರಮದ ಮುಖ್ಯ ಗುರಿ ಏನು?"

"ಮಕ್ಕಳಿಗೆ ಚಳಿ ಆಗ್ಬಾರ್ದು."

ಉಪಾಧ್ಯಕ್ಷರು ಪುಸ್ತಿಕೆ ತಿರುವಿ ನೋಡಿದರು. "ಇದರಲ್ಲಿ ಇಲ್ಲ. ತಪ್ಪು. ಎರಡನೇದು. ನಾಯಕರ ಮೇಲೆ ನಿಮಗೆ ನಂಬಿಕೆ ಇದೆಯೇ?"

"ಯಾವ ನಾಯಕರು ಸ್ವಾಮಿ?"

"ಈಗಿನವರು."

ಚುಲ್ತೆಮ್ ನಿಜವಾಗಿಯೂ ಯೋಚಿಸಿದ. ಅದೇ ಅವನ ದೋಷ. "ಈಗಿನವರು ಬಂದು ಇಪ್ಪತ್ತು ದಿನ ಆಯ್ತು. ನಾನು ಹೊಸ ಬಾಯ್ಲರನ್ನೇ ಎರಡು ತಿಂಗಳು ನಂಬ್ಲಿಲ್ಲ."

ಸರ್ನಾಯ್ ಕೆಮ್ಮಿದಳು. ಉಪಾಧ್ಯಕ್ಷರು ಕೊನೆಯ ಪ್ರಶ್ನೆ ಬೇಕಿಲ್ಲ ಎಂದರು. ಬ್ಯಾಂಬಾ ಇಡೀ ಕಾರ್ಯಕ್ರಮವನ್ನು ರಾಗದಲ್ಲೇ ಒಪ್ಪಿಸಿದ, ಭುಜವೂ ತಾನಾಗಿ ಅಲುಗುತ್ತಿತ್ತು. ಬ್ಯಾಂಬಾನಿಗೆ ತೊಂಬತ್ತೆರಡು, ಚುಲ್ತೆಮನಿಗೆ ನಲವತ್ತೊಂದು. ನಾನು ಎಂಟು ಗಂಟೆಗೆ ಟೈಪ್ ಮಾಡಿದ್ದರಲ್ಲಿ ಒಂದಂಕಿಯನ್ನೂ ತಿದ್ದಬೇಕಾಗಲಿಲ್ಲ.

ಹೊರಗೆ ಗೆಂದೆನ್ ಛಾಯಾಚಿತ್ರ ತೆಗೆಯುವವನೊಡನೆ ಕಾಯುತ್ತಿದ್ದ. ಅವನ ಸಂತೋಷ ಹೇಳತೀರದು.

"ಹೋಯ್ತಾ ಕೆಲಸ? ಭಲೇ. ಇಲ್ಲಿ ಹಿಮದ ಮೇಲೆ ನಿಂತ್ಕೊ. ಮುಖ ಇನ್ನೊಂಚೂರು ಬಾಡ್ಲಿ."

"ಅಣ್ಣ, ನಂಗೆ ಫೋಟೋ ಬೇಡ. ಸಲಿಕೆ ಬೇಕು. ಹಿಡಿಗೆ ನಾನೇ ಚರ್ಮ ಸುತ್ತಿದ್ದು."

"ಎಲ್ಲ ಸಿಗುತ್ತೆ ತಮ್ಮ. ನಾಲ್ಕೇ ವರ್ಷ ತಡ್ಕೊ. ನಾವು ಬಂದ್ಕೂಡ್ಲೆ ಮೊದಲ ಆದೇಶ ನಿಂದೇ. ಆದ್ರೆ ಅಲ್ಲೀವರ್ಗೂ ಯಾವ ಕೆಲಸಕ್ಕೂ ಹೋಗ್ಬೇಡ. ಹೋದ್ರೆ ಅನ್ಯಾಯ ಕಡಿಮೆ ಆಗ್ಬಿಡುತ್ತೆ."

ಹೀಗೆ ಅವನ ಕೆಲಸ ಹೋಗಬೇಕೆಂದು ಎರಡೂ ಪಕ್ಷದವರಿಗೆ ಒಮ್ಮತವಾಯಿತು. ನಮ್ಮ ಸುಮ್‌ನ ಚರಿತ್ರೆಯಲ್ಲಿ ಇಂಥ ಒಮ್ಮತ ಹಿಂದೆ ಆಗಿರಲಿಲ್ಲ.

ಬ್ಯಾಂಬಾ ಕೆಟ್ಟವನಲ್ಲ. ಕೀಲಿ ತೆಗೆದುಕೊಳ್ಳುವಾಗ ಚುಲ್ತೆಮನನ್ನೇ ಮೆಲ್ಲಗೆ ಕೇಳಿದ, "ಅಣ್ಣ, ಇದರ ಬಾಯಿ ಯಾವ ಕಡೆ?" ಚುಲ್ತೆಮ್ ತೋರಿಸಿದ. ಗಾಳಿ ಉತ್ತರದಿಂದ ಬಂದರೆ ಯಾವ ತೂಬು, ಹಸಿ ಕಲ್ಲಿದ್ದಲಿಗೆ ಎಷ್ಟು ಒಣದು ಬೆರೆಸಬೇಕು ಎಂದು ಶುರುಮಾಡಿದ. ಅಷ್ಟರಲ್ಲಿ ಉಪಾಧ್ಯಕ್ಷರು ಬಂದು, ಹಳೆಯ ಪಕ್ಷದವರ ಮಾತು ಕೇಳಬೇಡ ಎಂದು ಅವನನ್ನು ಎಳೆದುಕೊಂಡು ಹೋದರು.

ಮೂರನೆಯ ದಿನ ಉಷ್ಣಾಂಶ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿಳಿಯಿತು, ಗಾಳಿ ಉತ್ತರದ್ದು. ಬೆಳಗ್ಗೆ ಚಿಮಣಿಯಿಂದ ಹೋಗಬೇಕಾದ ಹೊಗೆ ಏಳನೆಯ ತರಗತಿಯಿಂದ ಹೊರಟಿತು. ಮಧ್ಯಾಹ್ನ ಹೊಗೆಯೂ ನಿಂತಿತು. ವಸತಿ ನಿಲಯದಲ್ಲಿ ದೂರದ ಹುಲ್ಲುಗಾವಲುಗಳ ಎಂಬತ್ತು ಮಕ್ಕಳಿದ್ದಾರೆ. ಅವರು ಟೋಪಿ, ಕೈಗವಸು, ಹೊದಿಕೆ ಸಮೇತ ಪಾಠಕ್ಕೆ ಕೂತರು. ಶಾಲೆಗೂ ನಮ್ಮ ಕಚೇರಿಗೂ ಬಿಸಿನೀರಿನ ಕೊಳವೆ ಒಂದೇ. ಅಧ್ಯಕ್ಷರು ನರಿಚರ್ಮದ ಟೋಪಿ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದರು. ನನ್ನ ಬೆರಳು ಮರಗಟ್ಟಿ, ಒಂದು ಆದೇಶದಲ್ಲಿ ಅವರ ಹೆಸರನ್ನೇ ತಪ್ಪು ಬರೆದೆ.

ಸರ್ನಾಯ್ ಬಾಗಿಲು ತಟ್ಟದೆ ಒಳಗೆ ಬಂದಳು. "ಸಂಜೆ ಒಳಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತೆ ಅಧ್ಯಕ್ಷರೆ. ಒಡೆದ್ರೆ ಮೇ ತಿಂಗಳವರ್ಗೂ ಶಾಲೆ ಇಲ್ಲ. ಮಕ್ಕಳನ್ನ ಎಲ್ಲಿ ಕಳಿಸ್ಲಿ? ನಿಮ್ಮ ಕಾರ್ಯಕ್ರಮದ ಎಷ್ಟನೇ ಪುಟ ಸುಡ್ಲಿ ಹೇಳಿ."

ಅವಳ ಹಿಂದೆಯೇ ಸುದ್ದಿಗಳೂ ಒಳಗೆ ಬಂದವು. ಬಿಲ್ಲಿನವರು ಮಕ್ಕಳನ್ನು ಬೇಕೆಂದೇ ಚಳಿಗೆ ಹಾಕಿದ್ದಾರೆಂದು ಲಾಳದವರು. ಚುಲ್ತೆಮ್ ಹೋಗುವ ಮುಂಚೆ ಕೊಳವೆಯೊಳಗೆ ಅಂಟು ಸುರಿದು ಹೋಗಿದ್ದಾನೆಂದು ಬಿಲ್ಲಿನವರು. ಅಂಟನ್ನು ಮೊದಲ ಸಲ ಯಾರೋ ನಂಬಿದರು, ಅದೂ ಹೀಗೆ. ಉಪಾಧ್ಯಕ್ಷರು ಅಂಟು ಹುಡುಕಲು ಮಂಡಳಿ ಮಾಡೋಣ ಎಂದರು. ಸೊದ್ನೋಮ್ ಎದ್ದು, ಮೊಹರು ತೆಗೆದುಕೊಳ್ಳಲು ನನಗೆ ಹೇಳಿ, ಹೊರಗೆ ನಡೆದರು.

ಚುಲ್ತೆಮ್ ಗುಡಾರದೊಳಗೆ ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ನಡೆಯುತ್ತಿದ್ದ. ಹೊಗೆಯ ಬಣ್ಣ ನೋಡಿ ಬೆಳಗ್ಗೆಯೇ ಅವನಿಗೆ ಎಲ್ಲ ಗೊತ್ತಾಗಿತ್ತಂತೆ, ಮೂರು ಸಲ ಶಾಲೆಯ ಬೇಲಿಯವರೆಗೆ ಹೋಗಿ ಬಂದಿದ್ದನಂತೆ. ನಾವು ಒಳಹೊಕ್ಕು ಕೂತೆವು. ದುಲ್ಮಾ ಉಪ್ಪು ಚಹಾ ಬಗ್ಗಿಸಿದಳು. ಸೊದ್ನೋಮ್ ವಾಡಿಕೆಯಂತೆ ಉಡಿಯಿಂದ ಬುಡ್ಡಿ ತೆಗೆದು ಚಾಚಿದರು.

ಕೊಡದಿದ್ದರೆ ಅವಮಾನ, ಕೊಟ್ಟರೆ ಹಳೆಯ ಅವಮಾನವೇ ಮತ್ತೊಮ್ಮೆ. ಚುಲ್ತೆಮ್ ಅಪ್ಪನ ಬುಡ್ಡಿ ಕೊಟ್ಟ. ಸೊದ್ನೋಮ್ ಮುಚ್ಚಳ ಹಿಡಿದರು. ಅದು ಅಂದಿನಂತೆಯೇ ಗಟ್ಟಿಯಾಗಿತ್ತು.

"ಒಲೆ ಮೇಲೆ ಹಿಡೀರಿ ಸ್ವಾಮಿ," ಎಂದಳು ದುಲ್ಮಾ, ಅಳು ಬಂದ ದನಿಯಲ್ಲಿ. "ಬೂಟಿನ ಅಂಟು ಬಿಸಿಗೆ ಬಿಡುತ್ತೆ."

ಕೆಟಲಿನ ಹಬೆಗೆ ಹಿಡಿದರು. ಬುಡ್ಡಿಯ ಹೊಟ್ಟೆ ಚುಲ್ತೆಮನ ಕೈಯಲ್ಲಿ, ಮುಚ್ಚಳ ಅಧ್ಯಕ್ಷರ ಕೈಯಲ್ಲಿ. ಇಬ್ಬರೂ ಒಲೆಯ ಅಕ್ಕಪಕ್ಕ ಕಾಲು ಅಗಲಿಸಿ ನಿಂತು ಎಳೆದರು. ಟಪ್ಪೆಂದು ಮುಚ್ಚಳ ಬಿಟ್ಟುಕೊಂಡಿತು, ಪ್ರಾಂತದ ಗಿಡುಗ ಹಿಂದಕ್ಕೆ ಹಾರಿ ಹಾಸಿಗೆಯ ಮೇಲೆ ಅಂಗಾತ ಬಿದ್ದರು. ನಾನು ಮೊಹರನ್ನು ಎದೆಗೆ ಒತ್ತಿಕೊಂಡೆ.

ಸೊದ್ನೋಮ್ ಮಲಗಿಕೊಂಡೇ ಮುಚ್ಚಳ ಮೂಸಿದರು.

"ಅಂಟೇ ಏನಯ್ಯ?"

"ಅಂಟೇ ಸ್ವಾಮಿ."

ಅವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಎದ್ದು, ಕುಸ್ತಿಯಲ್ಲಿ ಬಿದ್ದವನು ಗೆದ್ದವನ ತೋಳಿನಡಿ ಹಾದುಹೋಗುವ ಹಾಗೆ, ಚುಲ್ತೆಮನ ಬಲತೋಳನ್ನು ತಾವೇ ಎತ್ತಿ ಅದರ ಕೆಳಗೆ ಬಗ್ಗಿ ಹಾದುಹೋದರು. ಹತ್ತೊಂಬತ್ತು ವರ್ಷದಲ್ಲಿ ಯಾವ ಅಧ್ಯಕ್ಷರ ಬಗ್ಗೆಯೂ ನನಗೆ ಹಾಗೆ ಅನಿಸಿರಲಿಲ್ಲ. ಆ ಕ್ಷಣ ನನಗೆ ಅವರು ನಿಜವಾಗಿಯೂ ಇಷ್ಟವಾದರು.

"ನಡಿ, ಬೆಂಕಿ ಹಾಕು," ಎಂದರು. "ಗುಮಾಸ್ತರೆ, ಆದೇಶ ಬರ್ಕೊಳ್ಳಿ. ಚುಲ್ತೆಮನನ್ನು ಬಾಯ್ಲರ್ ಕೆಲಸಕ್ಕೆ ಮತ್ತೆ ನೇಮಿಸಲಾಗಿದೆ. ಕಾರಣ..." ಒಂದು ಗಳಿಗೆ ಯೋಚಿಸಿದರು. "ಕಾರಣ, ಅವನಿಗೆ ಕೆಲಸ ಗೊತ್ತು."

ನನ್ನ ಪೆನ್ನು ನಿಂತಿತು. "ಸ್ವಾಮಿ, ಇದು ಯಾವ ನಿಯಮದ ಅಡಿ? ನಮ್ಮಲ್ಲಿ ಇಂಥ ಕಾರಣ ಇದುವರೆಗೆ ಹಾಕಿಲ್ಲ."

"ಹಾಕಿ," ಎಂದರು.

ಸಂಜೆ ನಾಲ್ಕಕ್ಕೆ ಕೊಳವೆಗಳು ಟಿಕ್ ಟಿಕ್ ಎಂದು ಬೆಚ್ಚಗಾದವು. ಮಕ್ಕಳು ಒಂದೊಂದೇ ಟೋಪಿ ತೆಗೆದರು. ಬ್ಯಾಂಬಾ ಸಾಂಸ್ಕೃತಿಕ ಭವನಕ್ಕೆ ಮರಳಿದ, ಅಲ್ಲಿ ಚೆನ್ನಾಗಿಯೇ ಕುಣಿಯುತ್ತಾನೆ. ನಾನು ಆದೇಶವನ್ನು ಫಲಕಕ್ಕೆ ಅಂಟಿಸಿದೆ.

ಅಲ್ಲಿಂದ ಶುರುವಾಯಿತು. ಜನ ಆದೇಶ ಓದಿದರು. ಮತ್ತೆ ಓದಿದರು. ಒಬ್ಬ ಕಾಗದದ ಮೂಲೆ ಎತ್ತಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದ.

"ಕೆಲಸ ಗೊತ್ತು ಅಂತೆ," ಎಂದು ಅಂಗಡಿಯವಳು ಮೂಗು ಮುರಿದಳು. "ನಮ್ಮನ್ನೇನು ಕುರಿ ಅನ್ಕೊಂಡಿದ್ದಾರಾ? ಅವನು ಮೊದಲಿಂದ್ಲೂ ಬಿಲ್ಲಿನವನೇ ಇರ್ಬೇಕು. ಮುಚ್ಚಳದ್ದೆಲ್ಲ ನಾಟಕ." ಆದರೂ ಅವನಿಗೆ ಅಂದು ಹಿಟ್ಟು ಸಿಕ್ಕಿತು.

ಗೆಂದೆನ್ ಬಂದು ತಾನು ಕೊಟ್ಟ ಇಟ್ಟಿಗೆ ಚಹಾ ವಾಪಸು ಕೇಳಿದ. ಅರ್ಧ ಮುಗಿದಿತ್ತು. ಉಳಿದರ್ಧವನ್ನೇ ಕಂಕುಳಲ್ಲಿ ಇಟ್ಟುಕೊಂಡು, "ಮಾರ್ಕೊಂಡೆಯಲ್ಲೋ ನಿನ್ನ" ಎಂದು ಹೋದ. ಬಿಲ್ಲಿನವರೊಳಗೆ, ಚುಲ್ತೆಮನಿಗೆ ರಾಜಧಾನಿಯಲ್ಲಿ ಮಂತ್ರಿಯಾಗಿರುವ ಷಡ್ಡಕನೊಬ್ಬನಿದ್ದಾನೆಂದು ಗುಸುಗುಸು ಎದ್ದಿತು. ಅಧ್ಯಕ್ಷರು ಅವನ ಮನೆಗೆ ನಡೆದುಕೊಂಡು ಹೋದರಲ್ಲ, ಇಲ್ಲದಿದ್ದರೆ ಹೋಗುತ್ತಿದ್ದರೇ? ಹಾಗಲ್ಲ, ನಾನು ಅಲ್ಲೇ ಇದ್ದೆ ಎಂದು ನಾನು ಹೇಳಿದೆ. ಎಲ್ಲರೂ ನನ್ನನ್ನು ನೋಡಿ ನಕ್ಕರು. "ನೀವು ಹತ್ತೊಂಬತ್ತು ವರ್ಷ ಹೇಗೆ ಉಳಿದ್ರಿ ಅಂತ ಈಗ ಗೊತ್ತಾಯ್ತು ಬಿಡಿ," ಎಂದರು.

ನಾಲ್ಕು ದಿನದ ಮೇಲೆ ಆದೇಶದ ಪ್ರತಿಗೆ ಸಹಿ ಹಾಕಿಸಿಕೊಳ್ಳಲು ಅವನ ಗುಡಾರಕ್ಕೆ ಹೋಗಿದ್ದೆ. ಚುಲ್ತೆಮ್ ಸಲಿಕೆಯ ಹಿಡಿಗೆ ಹೊಸ ಚರ್ಮ ಸುತ್ತುತ್ತಿದ್ದ. ದುಲ್ಮಾ ನಮ್ಮಿಬ್ಬರಿಗೂ ಚಹಾ ಕೊಟ್ಟಳು. ಕ್ಯಾಲೆಂಡರ್ ಮತ್ತೆ ಮುಖ ಈಚೆ ಮಾಡಿತ್ತು. ಅವಳು ಒಲೆಯ ಪಕ್ಕ ಕೂತಳು. ಅಧ್ಯಕ್ಷರು ಬಿದ್ದ ಹಾಸಿಗೆ ಅವಳ ಬೆನ್ನ ಹಿಂದೆಯೇ ಇತ್ತು. ಕೆಟಲೂ ಅದೇ, ಹಬೆಗೆ ಹಿಡಿಯಿರಿ ಎಂದವಳೂ ಅವಳೇ.

"ಇಲ್ನೋಡು," ಎಂದಳು ಕೊನೆಗೆ, ದನಿ ತಗ್ಗಿಸಿ. "ಊರವರಿಗೆ ಏನಾದ್ರೂ ಹೇಳು. ನಂಗಾದ್ರೂ ನಿಜ ಹೇಳು. ಯಾರನ್ನ ಹಿಡ್ದೆ?"

ಚುಲ್ತೆಮ್ ಚರ್ಮ ಸುತ್ತುವುದನ್ನು ನಿಲ್ಲಿಸಿದ. ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ಬಹಳ ಹೊತ್ತು ಯೋಚಿಸಿದ.

"ಯಾರನ್ನೋ ಹಿಡ್ದಿರ್ಬೇಕು ಕಣೆ," ಎಂದ. "ನೆನಪಾಗ್ತಿಲ್ಲ."